ಹಿಮದ ಮೇಲೆ ಗಾಡಿ ಓಡಿಸಿದರೆ ಯಾರಿಗೆ ತೊಂದರೆ?

ಪ್ರ: ಚಳಿಗಾಲದಲ್ಲಿ ಅಮೆರಿಕದ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿನ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ) ಓಡಿಸಬೇಕಾದರೆ ಗೈಡ್ ಬೇಕಂತೆ, ದಿನಕ್ಕೆ ಇಷ್ಟೇ ಅಂತ ಲೆಕ್ಕವೂ ಇದೆಯಂತೆ. ನೆಲದ ಮೇಲೆ ಆಳೆತ್ತರ ಹಿಮ ಇರುವಾಗ ಇದೆಲ್ಲ ಯಾಕೆ? ಸಾರ್ವಜನಿಕ ಜಾಗ ಅಲ್ವಾ?

ಉ: ಪ್ರತಿ ಡಿಸೆಂಬರ್‌ನಲ್ಲೂ ಈ ಪ್ರಶ್ನೆ ಬರುತ್ತದೆ. ಹೌದು, ಸಾರ್ವಜನಿಕ ಜಾಗವೇ. ಸ್ಕೀ ಕಟ್ಟಿಕೊಂಡು ಬರುವವರಿಗೂ ಅದು ಸೇರಿದ್ದು ಅನ್ನೋದನ್ನು ಮಾತ್ರ ಯಾರೂ ನೆನೆಸುವುದಿಲ್ಲ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆ ಯೆಜ್ಡಿ ಹಿಂದೆ ಸಿಗ್ನಲ್‌ನಲ್ಲಿ ನಿಂತಿದ್ದೀರಾ? ಆ ನೀಲಿ ಹೊಗೆ ನೆನಪಿರಬೇಕು. ಹಳೆ ಸ್ನೋಮೊಬೈಲ್‌ಗಳದ್ದೂ ಅಂಥದೇ ಟೂ-ಸ್ಟ್ರೋಕ್ ಎಂಜಿನ್. ಪೆಟ್ರೋಲ್, ಆಯಿಲ್ ಎರಡೂ ಒಂದಷ್ಟು ಉರಿಯದೆ ಹಾಗೇ ಹೊರಗೆ ಬರುತ್ತವೆ. ಚಳಿಗಾಲದ ಬೆಳಗ್ಗೆ ಆ ಹೊಗೆ ಮೇಲೇಳದೆ ಅಲ್ಲೇ ಕೂರುತ್ತದೆ. 2002ರ ಸುಮಾರಿಗೆ ಪಶ್ಚಿಮ ಗೇಟಿನ ರೇಂಜರ್‌ಗಳು ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಟಿಕೆಟ್ ಕೊಟ್ಟರು. ಅವರ ಬೂತಿಗೆ ಹೊರಗಿನಿಂದ ಒಳ್ಳೆ ಗಾಳಿ ಪಂಪ್ ಮಾಡಬೇಕಾಯಿತು. ಹೊಗೆಯ ಮಾತೆಲ್ಲ ಪರಿಸರದವರ ಕಟ್ಟುಕಥೆ ಅಂತ ವಿಡಿಯೋ ಮಾಡುವವರಿಗೆ ಇದು ಗೊತ್ತಿಲ್ಲ.

ಇನ್ನು ಪ್ರಾಣಿಗಳ ಮಾತು. ಅಲ್ಲಿನ ಬೈಸನ್ (ನಾವು ಬೈಸನ್ ಅನ್ನೋ ಕಾಟಿ ಬೇರೆ) ತಲೆಯನ್ನು ಅತ್ತಿತ್ತ ಬೀಸಿ ಹಿಮ ಸರಿಸಿ, ಅಡಿಯ ಒಣಹುಲ್ಲು ಮೇಯುತ್ತದೆ. ಆ ಹುಲ್ಲಲ್ಲಿ ಸತ್ವ ಕಡಿಮೆ. ಬೇಸಿಗೆಯ ಕೊಬ್ಬು ಕರಗಿಸಿಕೊಂಡೇ ವಸಂತದವರೆಗೆ ಜೀವ ಹಿಡಿಯಬೇಕು. ಗಾಡಿಗೆ ಹೆದರಿ ಓಡಿದಷ್ಟೂ ಆ ಕೊಬ್ಬು ಸುಮ್ನೆ ಹೋಗುತ್ತದೆ. ಗೈಡ್ ಇದ್ದರೆ ದೂರದಲ್ಲೇ ನಿಲ್ಲಿಸುತ್ತಾನೆ, ನೀವು ಫೋಟೋ ಆಸೆಗೆ ನಿಲ್ಲಿಸುವುದಿಲ್ಲ. ಒರಟಾಗಿ ಹೇಳಿದೆ ಅನ್ನಿಸಿದರೂ ಸರಿ.

ಜಗಳ ಕೋರ್ಟಿಗೂ ಹೋಗಿತ್ತು. ಕ್ಲಿಂಟನ್ ಸರ್ಕಾರ ಸ್ನೋಮೊಬೈಲ್ ಪೂರ್ತಿ ನಿಲ್ಲಿಸಲು ಹೊರಟಿತು, ಬುಷ್ ಸರ್ಕಾರ ಅದನ್ನು ತಿರುಗಿಸಿತು. 2003ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನ ನ್ಯಾಯಾಧೀಶರು ನಿಲ್ಲಿಸಿ ಎಂದರು. ಎರಡೇ ತಿಂಗಳಲ್ಲಿ ವಯೋಮಿಂಗ್‌ನ ನ್ಯಾಯಾಧೀಶರು ಬಿಡಿ ಎಂದರು. ಮಧ್ಯೆ ಸಿಕ್ಕವರು ಗಾಡಿ ಬಾಡಿಗೆ ಕೊಟ್ಟು ಹೊಟ್ಟೆ ಹೊರೆಯುವ ಊರಿನವರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕೊನೆಗೆ 2013ರಲ್ಲಿ ಈಗಿನ ನಿಯಮ ಬಂತು. ದಿನಕ್ಕೆ ಸ್ನೋಮೊಬೈಲ್ ಗುಂಪು 50 ಮೀರುವಂತಿಲ್ಲ, ಒಂದು ಗುಂಪಿನಲ್ಲಿ 10 ಗಾಡಿ ದಾಟುವಂತಿಲ್ಲ. ಹೊಗೆ, ಸದ್ದು ಕಡಿಮೆ ಇರುವ ಗಾಡಿಗಷ್ಟೇ ಪ್ರವೇಶ. ನನ್ನ ಕೇಳಿದರೆ ಇಷ್ಟೂ ಜಾಸ್ತಿಯೇ.

ಪ್ರ: ಬಾಡಿಗೆ ಗೈಡ್ ಇಲ್ಲದೆ ಹೋಗಲು ದಾರಿಯೇ ಇಲ್ಲವೇ?

ಉ: ಇದೆ. ಒಂದು ಗೇಟಿಗೆ ದಿನಕ್ಕೆ ಒಂದೇ ಗುಂಪು, ಹೆಚ್ಚೆಂದರೆ 5 ಗಾಡಿ, ಅದೂ ಲಾಟರಿಯಲ್ಲಿ. ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದವರು ಅರ್ಜಿ ಹಾಕಲೇಬೇಡಿ.

ಪ್ರ: ಎಸ್‌ಯುವಿಗೆ ಚೈನ್ ಕಟ್ಟಿದರೆ ಯೆಲ್ಲೋಸ್ಟೋನ್ ಒಳಗಿನ ಬಿಸಿನೀರ ಬುಗ್ಗೆ ಓಲ್ಡ್ ಫೇತ್‌ಫುಲ್‌ವರೆಗೆ ಬಿಡುತ್ತಾರಾ?

ಉ: ಇಲ್ಲ.

ಪ್ರ: ಜನವರಿಯಲ್ಲಿ ರೋಹ್ತಾಂಗ್ ಪಾಸಿಗೆ (ಬೆಟ್ಟ ದಾಟುವ ದಾರಿ) ‘ಸ್ಪೆಷಲ್ ಪರ್ಮಿಟ್’ ಕೊಡಿಸುತ್ತೇನೆಂದು ಮನಾಲಿಯ ಏಜೆಂಟ್ ಮುಂಗಡ ಕೇಳುತ್ತಿದ್ದಾನೆ.

ಉ: ಒಂದು ರೂಪಾಯಿಯೂ ಕೊಡಬೇಡಿ. ಜನವರಿಯಲ್ಲಿ ಪಾಸ್ ಹಿಮದಡಿ ಮುಚ್ಚಿರುತ್ತದೆ. ತೆರೆದಿರುವ ದಿನಗಳಲ್ಲೂ ಪ್ರವಾಸಿ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ ಹಾಕಿದ ಮಿತಿ ಇದೆ: ದಿನಕ್ಕೆ 800 ಪೆಟ್ರೋಲ್, 400 ಡೀಸೆಲ್. ಪರ್ಮಿಟ್ ಸರ್ಕಾರಿ ವೆಬ್‌ಸೈಟ್‌ನಲ್ಲಿ ನೀವೇ ತೆಗೆದುಕೊಳ್ಳಬಹುದು.