ತೇರಿಗೂ ಅಪ್ಪಣೆ ಇತ್ತು

ರೋಣ ತಾಲ್ಲೂಕಿನ ಜಾತ್ರಾ ಸಮಿತಿಯೊಂದರ ಕಾರ್ಯದರ್ಶಿಯವರು ಎರಡು ಹಾಳೆ ತುಂಬ ಸಿಟ್ಟು ಬರೆದು ಕಳಿಸಿದ್ದಾರೆ. ಜಾತ್ರೆಯ ಎರಡನೆಯ ರಾತ್ರಿ ರಸಮಂಜರಿ ಇಡಿಸುವುದಕ್ಕೆ ಪೊಲೀಸ್ ಠಾಣೆ, ಗ್ರಾಮ ಪಂಚಾಯಿತಿ, ಹೆಸ್ಕಾಂ, ಅಗ್ನಿಶಾಮಕ ಠಾಣೆ ಎಂದು ಅವರು 17 ದಿನ ಅಲೆದರಂತೆ; ಅನುಮತಿ ಪತ್ರ ಕೈಗೆ ಬಂದದ್ದು ಕಾರ್ಯಕ್ರಮದ ಹಿಂದಿನ ಸಂಜೆ. “ನಮ್ಮಪ್ಪಾರ ಕಾಲದಾಗ ದೇವರ ತೇರ ಎಳಿಯಾಕ ಯಾರ ಅಪ್ಪಣಿ ಕೇಳಿದ್ರು?” ಎಂದು ಕೇಳಿ, ಈ ಪರವಾನಿಗೆಯ ಕಾಟದ ವಿರುದ್ಧ ಪತ್ರಿಕೆ ದನಿ ಎತ್ತಬೇಕೆಂದು ಆಗ್ರಹಿಸಿದ್ದಾರೆ.

ಮಾನ್ಯರೇ, ನಿಮ್ಮ ಅಲೆದಾಟ ನ್ಯಾಯವಲ್ಲ. ಗಣೇಶ ಚತುರ್ಥಿಗೆ ನಗರಗಳಲ್ಲಿ ತೆರೆಯುವ ಏಕಗವಾಕ್ಷಿ ಕೇಂದ್ರದಂಥದ್ದು ತಾಲ್ಲೂಕಿಗೊಂದು ವರ್ಷವಿಡೀ ಇರಬೇಕು, ಉತ್ತರ ಕೊಡುವುದಕ್ಕೆ ಗಡುವೂ ಇರಬೇಕು. ಇಷ್ಟನ್ನು ಒಪ್ಪಿದೆ. ಆದರೆ ಅನುಮತಿಯೇ ಬೇಡವೆಂದು ಬರೆಯಲು ನನ್ನ ಲೇಖನಿ ಏಳುವುದಿಲ್ಲ.

ನಿಮ್ಮ ತಂದೆಯವರ ಕಾಲದಲ್ಲಿ ಅಪ್ಪಣೆ ಕೇಳುತ್ತಿರಲಿಲ್ಲ ಎಂದವರು ಯಾರು? ನಮ್ಮ ಕಡೆಯ ಹಳ್ಳಿಗಳಲ್ಲಿ ಊರ ದೈವ, ಅಂದರೆ ಹಿರಿಯರ ಸಭೆ, ಕೂಡದೆ ತೇರು ಹೊರಬಿದ್ದದ್ದುಂಟೇ? ಜಾತ್ರೆಗೆ ವಾರ ಮೊದಲೇ ಹಿರಿಯರು ಗುಡಿಯಿಂದ ತೇರು ಮುಟ್ಟಬೇಕಾದ ಪಾದಗಟ್ಟೆಯವರೆಗೆ ನಡೆದು ನೋಡುತ್ತಿದ್ದರು. ಎಲ್ಲಿ ಕಟ್ಟೆ ಚಾಚಿದೆ, ಎಲ್ಲಿ ತಗ್ಗು ಬಿದ್ದಿದೆ, ಯಾರ ಮನೆಯ ಮಾಳಿಗೆ ಹಳೆಯದಾಗಿ ಜನ ಹತ್ತದಂತೆ ತಡೆಯಬೇಕು ಎಂಬುದನ್ನೆಲ್ಲ ಅಲ್ಲೇ ತೀರ್ಮಾನಿಸುತ್ತಿದ್ದರು. ಬಡಿಗರು ಗಾಲಿ ಮತ್ತು ಅಚ್ಚು ನೋಡಿ ಹೂಂ ಎನ್ನಬೇಕಿತ್ತು. ತೇರಿನ ಹಗ್ಗವಾದ ಮಿಣಿ ಹಿಡಿಯುವ ಮನೆತನ ಬೇರೆ, ಗಾಲಿಗೆ ಮರದ ತುಂಡು ಒಡ್ಡುವ ಮನೆತನ ಬೇರೆ. ಗಾಲಿಯ ಹತ್ತಿರ ಮೂರನೆಯವರು ಸುಳಿಯುವಂತಿರಲಿಲ್ಲ. ಎಸೆದ ಉತ್ತತ್ತಿ ಆರಿಸಲು ಬಗ್ಗಿದ ಹುಡುಗನನ್ನು ರಟ್ಟೆ ಹಿಡಿದು ಆಚೆ ಎಳೆಯುವ ಮುದುಕರೂ ಇದ್ದರು. ಅರ್ಜಿ, ಶುಲ್ಕ, ಠಸ್ಸೆ ಇರಲಿಲ್ಲ ನಿಜ, ಅಪ್ಪಣೆ ಮಾತ್ರ ಇತ್ತು. ಅದನ್ನು ಕೊಡುವವರು ನೆಲ ತುಳಿದು ನೋಡಿಯೇ ಕೊಡುತ್ತಿದ್ದರು.

ನಿಮ್ಮ ರಸಮಂಜರಿಯ ವೇದಿಕೆಗೆ ಇಂಥ ಹಿರಿಯರಿಲ್ಲ. ಅದು ನಿನ್ನೆ ಲಾರಿಯಲ್ಲಿ ಬಂದು ನಾಳೆ ಲಾರಿಯಲ್ಲೇ ಹೋಗುತ್ತದೆ. ಅದಕ್ಕೊಬ್ಬ ದೈವ ಬೇಕು. ಸರ್ಕಾರ ಆ ಸ್ಥಾನದಲ್ಲಿ ಠಾಣೆಯನ್ನೂ ಪಂಚಾಯಿತಿಯನ್ನೂ ಕೂರಿಸಿದೆ.

ಈಗ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ, ಬೇಸರ ಬೇಡ. ಅರ್ಜಿಯಲ್ಲಿ “ಅಂದಾಜು ಎರಡು ಸಾವಿರ ಜನ” ಎಂದು ನಮೂದಿಸಿದ್ದಾಗಿ ಮೊದಲ ಹಾಳೆಯಲ್ಲಿ ಬರೆದಿದ್ದೀರಿ. ಎರಡನೆಯ ಹಾಳೆಗೆ ಬರುವಷ್ಟರಲ್ಲಿ “ಒಂಬತ್ತು ಸಾವಿರ ಮಂದಿ ಕೂಡಿ ಜಾತ್ರೆ ಕಳೆಗಟ್ಟಿತು” ಎಂದು ಹೆಮ್ಮೆಪಟ್ಟಿದ್ದೀರಿ. ದೊಡ್ಡ ಸಂಖ್ಯೆ ಬರೆದರೆ ಪ್ರಶ್ನೆಗಳೂ ದೊಡ್ಡವಾಗುತ್ತವೆ ಎಂಬುದು ಸಂಘಟಕರೆಲ್ಲರಿಗೂ ಗೊತ್ತಿರುವ ಗುಟ್ಟು. 2024ರ ಜುಲೈ 2ರಂದು ಉತ್ತರ ಪ್ರದೇಶದ ಹಾಥರಸ್‌ನಲ್ಲಿ ನಡೆದ ಸತ್ಸಂಗಕ್ಕೆ ಅನುಮತಿ ಪಡೆದದ್ದು 80,000 ಜನರಿಗೆ. ಸೇರಿದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು ಎಂದು ಪೊಲೀಸರು ಹೇಳಿದರು. ನೂಕುನುಗ್ಗಲಿನಲ್ಲಿ ಸತ್ತವರು 121. ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್‌ನಲ್ಲಿ ಮಂಡನೆಯಾದ ಜನಸಂದಣಿ ನಿಯಂತ್ರಣ ಮಸೂದೆಯಲ್ಲೂ, 7,000 ಜನರೊಳಗಿನ ಕಾರ್ಯಕ್ರಮವಾದರೆ ಠಾಣಾಧಿಕಾರಿ, 50,000ದೊಳಗಾದರೆ ಡಿವೈಎಸ್‌ಪಿ, ಅದಕ್ಕೂ ಮೀರಿದರೆ ಎಸ್‌ಪಿ ಅಥವಾ ಕಮಿಷನರ್ ಅನುಮತಿ ಕೊಡಬೇಕೆಂದಿದೆ. ಅಂದರೆ ನಿಮ್ಮ ಅರ್ಜಿ ಯಾರ ಮೇಜಿಗೆ ಹೋಗಬೇಕೆಂಬುದನ್ನು ನೀವು ಬರೆದ ಸಂಖ್ಯೆಯೇ ನಿರ್ಧರಿಸುತ್ತದೆ. ಎರಡು ಸಾವಿರ ಎಂದು ಬರೆದವರ ಅರ್ಜಿ ಒಂಬತ್ತು ಸಾವಿರದ ಮೇಜನ್ನು ಮುಟ್ಟುವುದೇ ಇಲ್ಲ.

ಇನ್ನೊಂದು ಲೆಕ್ಕ ನೋಡಿ. ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆಂದು ಬಳಸುವ ಕೈಪಿಡಿಯ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ಹಾಯಬಹುದು. ನಿಮ್ಮ ಮೈದಾನದಿಂದ ಊರ ಬಾಗಿಲಾದ ಅಗಸಿಯ ಕಡೆಗೆ “ಟ್ರ್ಯಾಕ್ಟರ್ ಹಾಯುವಷ್ಟು” ಓಣಿಯೊಂದೇ ದಾರಿ, ಇನ್ನೊಂದು ದಾರಿಯಲ್ಲಿ ಜನರೇಟರ್ ಮತ್ತು ಅತಿಥಿಗಳ ಕಾರು ನಿಂತಿದ್ದವು ಎಂದು ಬರೆದಿದ್ದೀರಿ. ಓಣಿ ಮೂರು ಮೀಟರ್ ಇದೆಯೆಂದು ಹಿಡಿಯೋಣ. ಬಳೆ ಅಂಗಡಿ, ಬೆಂಡು ಬತ್ತಾಸಿನ ಗಾಡಿ, ಗಿರಮಿಟ್ಟಿನ ಬಂಡಿ ಒಂದು ಮೀಟರ್ ನುಂಗಿದರೆ ಉಳಿಯುವುದು ಎರಡು. ಒಂಬತ್ತು ಸಾವಿರ ಜನ ಹೊರಬರಲು ಸುಮಾರು 55 ನಿಮಿಷ ಬೇಕು, ಅದೂ ಯಾರೂ ಅವಸರ ಮಾಡದಿದ್ದರೆ! ಮಳೆಯೋ ವಿದ್ಯುತ್ ತಂತಿಯ ಕಿಡಿಯೋ ಅಷ್ಟು ಹೊತ್ತು ಕಾಯುತ್ತದೆಯೇ?

ಕಾಲ್ತುಳಿತ ಎಂಬ ಪದದ ಮೇಲೆ ನನಗೆ ಹಳೆಯ ಸಿಟ್ಟಿದೆ. ಜನ ಬುದ್ಧಿಗೆಟ್ಟು ಓಡಿ ಒಬ್ಬರನ್ನೊಬ್ಬರು ತುಳಿದರೆಂದು ಅದು ಸತ್ತವರ ಅಕ್ಕಪಕ್ಕದಲ್ಲಿದ್ದವರ ಮೇಲೆಯೇ ತಪ್ಪು ಹೊರಿಸುತ್ತದೆ. ಒಂದು ಚದರ ಮೀಟರಿಗೆ ಆರೇಳು ಜನ ಸೇರಿದರೆ ಅಲ್ಲಿ ಯಾರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಲಾರರು. ಗುಂಪು ನೀರಿನಂತೆ ತೊನೆಯುತ್ತದೆ, ಎದೆಗೂಡು ಹಿಗ್ಗಲು ಜಾಗವಿಲ್ಲದೆ ಜನ ನಿಂತಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ಹಿಂದಿದ್ದವರಿಗೆ ಮುಂದೇನಾಗುತ್ತಿದೆ ಎಂಬುದು ಕಾಣುವುದೂ ಇಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜೀವ ಹೋದಾಗ, ಬಂದವರಿಗೆ ಶಿಸ್ತಿಲ್ಲವೆಂದು ಎಷ್ಟು ಜನ ಗೊಣಗಿದರು! ಆ ಕ್ರೀಡಾಂಗಣ ಹಿಡಿಯುವುದು ಸುಮಾರು 35,000 ಮಂದಿಯನ್ನು, ಸುತ್ತ ನೆರೆದದ್ದು ಲಕ್ಷಗಟ್ಟಲೆ.

ನನ್ನ ಕಣ್ಣಾರೆ ಕಂಡದ್ದೊಂದಿದೆ. ಕಾಲೇಜಿನ ದಿನಗಳಲ್ಲಿ ಧಾರವಾಡದ ಸಮಾರಂಭವೊಂದಕ್ಕೆ ನಾನು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಸ್ವಯಂಸೇವಕ. ಮೂರು ಕಡೆ ಕನಾತು ಬಿಗಿದಿದ್ದರು, ಬಾಗಿಲು ಒಂದೇ, ಅದೂ ಅತಿಥಿಗಳ ಸ್ವಾಗತದ ಕಮಾನಿನ ಕೆಳಗೆ. ಭಾಷಣದ ನಡುವೆ ಅಡ್ಡಮಳೆ ಹೊಡೆಯಿತು. ಎಲ್ಲರೂ ಕಮಾನಿನ ಕಡೆಗೇ ನುಗ್ಗಿದಾಗ ಏನು ಮಾಡಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ಪೆಂಡಾಲ್ ಹಾಕಿದ್ದ ಆಳೊಬ್ಬ ಕುಡುಗೋಲು ತೆಗೆದು ಹಿಂಬದಿಯ ಹಗ್ಗ ಕತ್ತರಿಸಿದ, ಕನಾತು ಮಲಗಿತು, ಜನ ಬಯಲಿಗೆ ಹರಿದರು. ಮರುದಿನ ಕನಾತು ಹಾಳುಮಾಡಿದನೆಂದು ಅವನ ಕೂಲಿ ಹಿಡಿದರೆಂದು ಕೇಳಿದೆ. ಅಂದು ನಮಗಿದ್ದ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. 1981ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರಲ್ಲಿ ಹರಿಯಾಣದ ದಬ್ವಾಲಿಯ ಶಾಲಾ ಸಮಾರಂಭದ ಪೆಂಡಾಲಿಗೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜೀವಗಳು ಹೋದವು.

ಅತಿಥಿಗಳ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಸಮಾರಂಭಗಳಲ್ಲಿ ಮುಂಭಾಗದ ಮೂರನೇ ಒಂದು ಪಾಲು ಜಾಗ ಸೋಫಾಗಳಿಗೆ ಹೋಗುತ್ತದೆ, ಅದಕ್ಕೊಂದು ಬಿದಿರಿನ ಬೇಲಿ. ಕಾಸು ಕೊಟ್ಟು ವಂತಿಗೆ ಎತ್ತಿದ ಊರವರು ಅದರ ಹಿಂದೆ ಒತ್ತಾಗಿ ನಿಲ್ಲುತ್ತಾರೆ. ಏಳು ಗಂಟೆಗೆಂದ ಗಣ್ಯರು ಒಂಬತ್ತೂವರೆಗೆ ಬರುತ್ತಾರೆ. ಆ ಎರಡೂವರೆ ತಾಸು ಜನ ಬರುತ್ತಲೇ ಇರುತ್ತಾರೆ, ಹೋಗುವವರು ಯಾರೂ ಇಲ್ಲ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕಾದ್ದರಿಂದ ಎಲ್ಲರೂ ಒಮ್ಮೆಗೇ ಹೊರಡುತ್ತಾರೆ. ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಲಿನ ಓಣಿಗಳಲ್ಲಿ ಗಣಪತಿ ನೋಡಲು ಹೋದವರಿಗೆ ಈ ಒತ್ತಡ ಮೈಗೇ ಗೊತ್ತಿದೆ. ಗಣ್ಯರು ಬರುವ ಹೊತ್ತನ್ನೂ ಅನುಮತಿ ಪತ್ರದಲ್ಲಿ ಬರೆಸಿ, ತಪ್ಪಿದರೆ ಅವರಿಗಾಗಿ ಕಾಯಬಾರದೆಂಬ ಷರತ್ತು ಹಾಕುವ ಧೈರ್ಯ ಯಾವ ಠಾಣೆಗೆ ಬಂದೀತು?

ನಿಮ್ಮ ಪತ್ರದ ಕೊನೆಯಲ್ಲಿ, ಅಡಿಟಿಪ್ಪಣಿಯಂತೆ, “ಇಷ್ಟೆಲ್ಲ ಕಾಗದ ಕೇಳಿದವರು ಒಬ್ಬರೂ ಬಂದು ಮೈದಾನ ನೋಡಲಿಲ್ಲ” ಎಂದು ಬರೆದಿದ್ದೀರಿ. ಆ ಸಾಲನ್ನು ಮೊದಲಿಗೆ ಬರೆದಿದ್ದರೆ ನಾನು ನಿಮ್ಮ ಪಕ್ಷವೇ ಆಗುತ್ತಿದ್ದೆ. ಮುಂದಿನ ಸಲ ಅರ್ಜಿಯ ಜೊತೆಗೆ ಕೈಬರಹದ ನಕಾಶೆಯೊಂದನ್ನು ಕೊಟ್ಟು, ಬೀಟ್ ಪೊಲೀಸರನ್ನೂ ಲೈನ್‌ಮನ್‌ನನ್ನೂ ಪಂಚಾಯಿತಿ ಸದಸ್ಯರನ್ನೂ ಊರ ಹಿರಿಯರಿಬ್ಬರನ್ನೂ ಒಂದು ಮುಂಜಾನೆ ಮೈದಾನಕ್ಕೆ ಕರೆಯಿರಿ. ಬಾರದವರ ಹೆಸರನ್ನು ಅರ್ಜಿಯಲ್ಲೇ ನಮೂದಿಸಿ. ಅದಕ್ಕೆ ಮೊದಲು ಒಂದು ಅಳತೆಪಟ್ಟಿ ಹಿಡಿದು ಅಗಸಿಯ ಓಣಿಗೆ ಹೋಗಿ. ಮೂರು ಮೀಟರ್ ಎಂಬುದು ನನ್ನ ಊಹೆ, ನಿಜವಾದ ಅಗಲವನ್ನು ಅಳೆದು ಬರೆಯಿರಿ, ಅದನ್ನೂ ಇಲ್ಲೇ ಪ್ರಕಟಿಸುತ್ತೇನೆ.

— ಸಂ.