ಮಹಾರಾಣಿ ಕೇಳಿದರೂ ಸಿಗದ ತಲೆ

ಪ್ರಶ್ನೆ: ರೋಮನ್ ಚಕ್ರವರ್ತಿಗಳು ಸಂತರ ಮೂಳೆ, ಶಿಲುಬೆಯ ಚೂರುಗಳನ್ನೆಲ್ಲ ಕಾನ್‌ಸ್ಟಾಂಟಿನೋಪಲ್‌ಗೆ (ಇಂದಿನ ಇಸ್ತಾಂಬುಲ್) ತರಿಸಿದ್ದು ಬರೀ ಭಕ್ತಿಯಿಂದಲೇ? ಬೇಕೆಂದದ್ದೆಲ್ಲ ಅವರಿಗೆ ಸಿಗುತ್ತಿತ್ತೇ?

ಉತ್ತರ: ಭಕ್ತಿಯ ಜೊತೆಗೆ ಒಂದು ಕೊರತೆಯೂ ಇತ್ತು. ಹಳೆಯ ರೋಮ್‌ನಲ್ಲಿ ಯೇಸುವಿನ ಅಪೊಸ್ತಲರಾದ, ಅಂದರೆ ಧರ್ಮದೂತರಾದ, ಪೇತ್ರರ, ಪೌಲರ ಸಮಾಧಿಗಳಿದ್ದವು. 330ರಲ್ಲಿ ಉದ್ಘಾಟನೆಯಾದ ಹೊಸ ರಾಜಧಾನಿಗೆ ಅಂಥ ಆಸ್ತಿ ಇರಲಿಲ್ಲ. ಹಾಗಾಗಿ 2ನೇ ಕಾನ್‌ಸ್ಟಾಂಟಿಯಸ್ ಸಂತರಾದ ತಿಮೊಥೆಯ, ಅಂದ್ರೆಯ, ಲೂಕರ ಅವಶೇಷಗಳನ್ನು ತರಿಸಿ, ತನ್ನ ತಂದೆ ಕಾನ್‌ಸ್ಟಂಟೈನ್‌ನನ್ನು ಹೂತಿದ್ದ ಅಪೊಸ್ತಲರ ಚರ್ಚಿನಲ್ಲೇ ಇರಿಸಿದ. 386ರಲ್ಲಿ 1ನೇ ಥಿಯೊಡೋಸಿಯಸ್ ಹೂತ ದೇಹವನ್ನು ಸಾಗಿಸಬಾರದು, ರಕ್ತಸಾಕ್ಷಿಗಳ (ಧರ್ಮಕ್ಕಾಗಿ ಪ್ರಾಣ ಕೊಟ್ಟವರ) ಅವಶೇಷಗಳನ್ನು ಮಾರಬಾರದು, ಕೊಳ್ಳಬಾರದು ಎಂದು ಕಾನೂನು ಮಾಡಿದ. ಕೆಲವೇ ವರ್ಷಗಳಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರದೆಂದು ನಂಬಿದ್ದ ತಲೆಯನ್ನು ರಾಜಧಾನಿಗೆ ತರಿಸಿಕೊಂಡವನೂ ಅವನೇ. ಕಾನೂನು ಪ್ರಜೆಗಳಿಗೆ!

ಆದರೆ ಕೇಳಿದ್ದೆಲ್ಲ ಸಿಗುತ್ತಿರಲಿಲ್ಲ. 594ರಲ್ಲಿ ಮಾರಿಸ್ ಚಕ್ರವರ್ತಿಯ ಹೆಂಡತಿ ಕಾನ್‌ಸ್ಟಾಂಟಿನಾ, ಅರಮನೆಯಲ್ಲಿ ಕಟ್ಟಿಸುತ್ತಿದ್ದ ಚರ್ಚಿಗೆ ಸಂತ ಪೌಲರ ತಲೆಯನ್ನೋ ದೇಹದ ಬೇರೊಂದು ಭಾಗವನ್ನೋ ಕಳಿಸಿಕೊಡಿ ಎಂದು ಪೋಪ್ ಗ್ರೆಗರಿಯವರಿಗೆ ಬರೆದಳು. ಆಗದು ಎನ್ನುವ ಗ್ರೆಗರಿ ಅದಕ್ಕೆ ಕೊಡುವ ಕಾರಣ ಭಯ. ಸಂತ ಲಾರೆನ್ಸರ ಸಮಾಧಿ ಗೊತ್ತಿಲ್ಲದೆ ತೆರೆದುಕೊಂಡಾಗ ದೇಹ ಕಂಡವರು, ಅದನ್ನು ಮುಟ್ಟದಿದ್ದರೂ, ಹತ್ತು ದಿನದೊಳಗೆ ಸತ್ತರಂತೆ. ರೋಮ್‌ನ ಪದ್ಧತಿಯೇ ಬೇರೆ ಎಂದು ವಿವರಿಸುತ್ತಾರೆ: ಬಟ್ಟೆಯ ತುಂಡೊಂದನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಸಮಾಧಿಯ ಬಳಿ ಇಡುವುದು, ಆಮೇಲೆ ತೆಗೆದು ಹೊಸ ಚರ್ಚಿನಲ್ಲಿ ಪ್ರತಿಷ್ಠಾಪಿಸುವುದು. ಮೂಳೆಗಿರುವ ಮಹಿಮೆಯೇ ಆ ಬಟ್ಟೆಗೂ ಉಂಟಂತೆ. ಕೊನೆಗೆ ಪೌಲರನ್ನು ಬಂಧಿಸಿದ್ದ ಸರಪಳಿಯನ್ನು ಅರದಿಂದ ಉಜ್ಜಿ ಪುಡಿ ಕಳಿಸುತ್ತೇನೆ ಎನ್ನುತ್ತಾರೆ, ಅದೂ ಉದುರಿದರೆ. ಕೆಲವರು ಕೇಳಿದಾಗ ಪುಡಿ ಕೂಡಲೇ ಬರುತ್ತದೆ, ಇನ್ನು ಕೆಲವರಿಗೆ ಎಷ್ಟು ಹೊತ್ತು ಉಜ್ಜಿದರೂ ಏನೂ ಬರುವುದಿಲ್ಲವಂತೆ. ಬರದಿದ್ದರೆ ದೋಷ ಕೇಳಿದವರ ತಲೆಗೆ! ಪೌಲರ ತಲೆ ಊರು ಬಿಟ್ಟರೆ ರೋಮ್‌ನ ಹಿರಿತನವೂ ಅದರ ಹಿಂದೆಯೇ ಹೊರಡುತ್ತಿತ್ತು; ನಿರಾಕರಣೆಯ ಒಳಗುಟ್ಟು ಅದೇ.

ಕೊಡುವ ಕೈ ಮೇಲೆ ಎಂಬುದು ಚಕ್ರವರ್ತಿಗಳಿಗೂ ಗೊತ್ತಿತ್ತು. ಸುಮಾರು 569ರಲ್ಲಿ 2ನೇ ಜಸ್ಟಿನ್, ಗಾಲ್‌ನ (ಇಂದಿನ ಫ್ರಾನ್ಸ್) ಪ್ವಾತಿಯೆಯಲ್ಲಿ ಸನ್ಯಾಸಿನಿಯಾಗಿದ್ದ ರಾಣಿ ರಾಡೆಗುಂಡಾಳಿಗೆ ಶಿಲುಬೆಯ ಚೂರೊಂದನ್ನು ಕಳಿಸಿಕೊಟ್ಟ. ಖಜಾನೆ ಬರಿದಾದಾಗ ಮಾತ್ರ ಲೆಕ್ಕ ತಲೆಕೆಳಗಾಯಿತು. 1204ರಲ್ಲಿ ಪಶ್ಚಿಮ ಯುರೋಪಿನ ಕ್ರುಸೇಡ್ ಸೈನ್ಯ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದ ಬಳಿಕ ಅಲ್ಲಿ ಪಟ್ಟಕ್ಕೆ ಬಂದ ಲ್ಯಾಟಿನ್ (ಪಶ್ಚಿಮ ಯುರೋಪಿನ) ಅರಸರ ಆಡಳಿತ 1238ರಲ್ಲಿ ಯೇಸುವಿನ ಮುಳ್ಳಿನ ಕಿರೀಟವನ್ನು 13,134 ಚಿನ್ನದ ನಾಣ್ಯಗಳ ಸಾಲಕ್ಕೆ ವೆನಿಸ್‌ನವರ ಬಳಿ ಅಡವಿಟ್ಟಿತು. ಫ್ರಾನ್ಸ್‌ನ 9ನೇ ಲೂಯಿ ಆ ಸಾಲ ತೀರಿಸಿ 1239ರಲ್ಲಿ ಅದನ್ನು ಪ್ಯಾರಿಸ್‌ಗೆ ತರಿಸಿಕೊಂಡ. ಪವಿತ್ರ ವಸ್ತುವನ್ನು ಮಾರುವುದು ಪಾಪ, ಹಾಗಾಗಿ ಅದು ಮಾರಾಟವಲ್ಲ, ಉಡುಗೊರೆ ಎನಿಸಿಕೊಂಡಿತು.