ಮೊದಲು ಇಸವಿ ಕೇಳಿ

ಪ್ರಶ್ನೆ: ಪಾತ್ರಗಳಾಗಿ ಕಥೆ ಕಟ್ಟುತ್ತಾ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಗೆಳೆಯರ ಗುಂಪಿಗೆ ಹೊಸದಾಗಿ ಸೇರಿದ್ದೇನೆ. ಕಥೆ ನಡೆಯುವುದು ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ. ಉಳಿದವರಿಗೆ ಅದರ ಇತಿಹಾಸವೆಲ್ಲ ಬಾಯಿಪಾಠ. ನಾನು ಓದಲು ಕೂತರೆ, ಮಿಸ್ಟ್ರಾ ಎಂಬ ಮಂತ್ರವಿದ್ಯೆಯ ದೇವತೆ ಒಂದು ಕಡೆ ಸತ್ತಿದ್ದಾಳೆ, ಇನ್ನೊಂದು ಕಡೆ ಬದುಕಿದ್ದಾಳೆ! ಎಲ್ಲಿಂದ ಶುರು ಮಾಡಲಿ?

ಉತ್ತರ: ಪುಸ್ತಕ ಬಿಚ್ಚುವ ಮೊದಲು, ಕಥೆ ಯಾವ ಇಸವಿಯದೆಂದು ಆಟ ನಡೆಸುವ ನಿಮ್ಮ ಡಂಜನ್ ಮಾಸ್ಟರ್ ಹತ್ತಿರ ಕೇಳಿಕೊಳ್ಳಿ. ಈ ಲೋಕಕ್ಕೆ ಡೇಲ್ ರೆಕನಿಂಗ್ ಎಂಬ ತನ್ನದೇ ಕಾಲಗಣನೆ ಇದೆ. ಎಡ್ ಗ್ರೀನ್‌ವುಡ್ ಕಟ್ಟಿದ ಈ ಲೋಕ 1987ರಲ್ಲಿ ಪುಸ್ತಕ, ನಕ್ಷೆಗಳ ಪೆಟ್ಟಿಗೆಯಾಗಿ ಮಾರುಕಟ್ಟೆಗೆ ಬಂದಾಗ ಅಲ್ಲಿ 1357. ಆಟದ ನಿಯಮಗಳ ನಾಲ್ಕನೇ ಆವೃತ್ತಿಯಲ್ಲಿ 1479. ಬಾಲ್ಡರ್ಸ್ ಗೇಟ್ 3 ವಿಡಿಯೊ ಗೇಮ್ ನಡೆಯುವುದು 1492ರಲ್ಲಿ.

ಮಿಸ್ಟ್ರಾ ಗೊಂದಲಕ್ಕೂ ಇದೇ ಕಾರಣ. 1358ರಲ್ಲಿ, ದೇವರುಗಳು ಭೂಮಿಗೆ ಬಿದ್ದ 'ಟೈಮ್ ಆಫ್ ಟ್ರಬಲ್ಸ್'ನಲ್ಲಿ, ಮೊದಲಿನವಳು ಸತ್ತಳು. ಮಿಡ್‌ನೈಟ್ ಎಂಬ ಮಾಂತ್ರಿಕಿ ಆ ಪಟ್ಟಕ್ಕೇರಿ ಅದೇ ಹೆಸರಿಟ್ಟುಕೊಂಡಳು. 1385ರಲ್ಲಿ ಅವಳ ಕೊಲೆಯಾಗಿ, ಮಂತ್ರಶಕ್ತಿ ಹುಚ್ಚೆದ್ದ 'ಸ್ಪೆಲ್‌ಪ್ಲೇಗ್' ಹಬ್ಬಿತು. ಐದನೇ ಆವೃತ್ತಿಯ ಹೊತ್ತಿಗೆ ಮಿಸ್ಟ್ರಾ ಮತ್ತೆ ಹಾಜರ್.

ಈ ಮಹಾ ಅನಾಹುತಗಳ ಹಿಂದಿರುವುದು ನಿಯಮ ಪುಸ್ತಕದ ಬದಲಾವಣೆ. 1989ರ ಎರಡನೇ ಆವೃತ್ತಿಯಲ್ಲಿ ಅಸ್ಯಾಸಿನ್ (ಗುಪ್ತ ಕೊಲೆಗಾರ) ಎಂಬ ಪಾತ್ರ ವರ್ಗವನ್ನು ಕೈಬಿಟ್ಟರು. ಕಥೆಯಲ್ಲಿ 1358ರಲ್ಲಿ ಅಸ್ಯಾಸಿನ್‌ಗಳು ಸತ್ತರು. 2008ರ ನಾಲ್ಕನೇ ಆವೃತ್ತಿ ಮಂತ್ರವಿದ್ಯೆಯ ನಿಯಮಗಳನ್ನು ತಿರುವಿಹಾಕಿತು. ಸ್ಪೆಲ್‌ಪ್ಲೇಗ್ ಅದಕ್ಕೊಂದು ನೆಪ. 2014ರ ಐದನೆಯದಕ್ಕೆ ನೆಪ, ಬೆರೆತಿದ್ದ ಎರಡು ಲೋಕಗಳು ಮತ್ತೆ ಬೇರೆಯಾದ 'ಸೆಕೆಂಡ್ ಸಂಡರಿಂಗ್'. ಈ ಮೂರು ತಿಳಿದರೆ ಆಟಕ್ಕೆ ಕೂರಲು ಧಾರಾಳ ಸಾಕು.

ಓದಲು 2015ರ ಸ್ವೋರ್ಡ್ ಕೋಸ್ಟ್ ಅಡ್ವೆಂಚರರ್ಸ್ ಗೈಡ್ ಹಿಡಿಯಿರಿ, ಮೊದಲ ಅಧ್ಯಾಯದಲ್ಲೇ ಚುಟುಕು ಇತಿಹಾಸವಿದೆ. ಆಮೇಲೆ ನಿಮ್ಮ ಪಾತ್ರದ ಊರು, ದೇವರು, ಅಷ್ಟೇ. 2007ರ ಗ್ರ್ಯಾಂಡ್ ಹಿಸ್ಟರಿ ಆಫ್ ದ ರೆಲ್ಮ್ಸ್ ವರ್ಷವಾರು ಪಟ್ಟಿ. ಮೊದಲ ಪುಟದಿಂದ ಓದಹೊರಟರೆ ಹತ್ತು ಪುಟಕ್ಕೆ ನಿದ್ದೆ ಬರುತ್ತದೆ. ಬೇಕಾದಾಗ ತೆಗೆದು ನೋಡಲು ಇಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಆವೃತ್ತಿಯ ನಕ್ಷೆಗಳು ಈಗಲೂ ನಡೆಯುತ್ತವೆಯೇ?

ಉತ್ತರ: ಬೆಟ್ಟ, ನದಿ, ಕರಾವಳಿಗೆ ಬಹುಮಟ್ಟಿಗೆ ಸರಿ. ಊರೊಳಗಿನ ನಕ್ಷೆಗಳಲ್ಲಿ ಎಚ್ಚರ. ಹೋಟೆನೋ ಅಗ್ನಿಪರ್ವತ ಸಿಡಿದು ನೆವರ್‌ವಿಂಟರ್ 1451ರಲ್ಲಿ ಹಾಳಾಯಿತು, ಈಗಿರುವುದು ಮತ್ತೆ ಕಟ್ಟಿದ ಊರು. ಪಾತ್ರದ ಹಿನ್ನೆಲೆ ಬರೆಯುವಾಗಲೂ ಈ ಲೆಕ್ಕ ಬೇಕು: ನಿಮ್ಮ ಕಥೆ 1492ರದಾದರೆ, ಮೂವತ್ತರ ಮನುಷ್ಯ ಹಳೆಯ ನೆವರ್‌ವಿಂಟರ್‌ನಲ್ಲಿ ಬಾಲ್ಯ ಕಳೆದಿರಲು ಸಾಧ್ಯವಿಲ್ಲ. ನೂರಾರು ವರ್ಷ ಬದುಕುವ ಎಲ್ಫ್ ಆಗಿದ್ದರೆ ಅಡ್ಡಿಯಿಲ್ಲ.